ಕರಾವಳಿಯ ಮಾಡು, ಮಾಲೂರಿನ ಗೋಡೆ

ಕಡಲ ದಡದ ಮನೆಯನ್ನು ಮಾರುವುದೆಂದು ಅಮ್ಮ ತೀರ್ಮಾನ ಮಾಡಿದ್ದು ರೇಷ್ಮೆಹುಳುಗಳ ದೆಸೆಯಿಂದ. ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನು ಮಾಲೂರಿನಿಂದ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಊರಂಚಿನ ಮಾಳಿಗೆ ಮನೆ: ಮಣ್ಣಿನ ಗೋಡೆ, ಮೇಲೆ ಮಣ್ಣು ಮೆತ್ತಿದ ಚಪ್ಪಟೆ ಸೂರು, ಬೆಳಕು ಬರುವುದಕ್ಕೆ ಒಂದೆರಡು ಕಿಂಡಿ. ಮನೆಯ ಹಿಂದೆ ಅಪ್ಪನ ಹಿಪ್ಪುನೇರಳೆ ತೋಟ, ಅದರಾಚೆ ಟೊಮೇಟೊ, ಬೀನ್ಸು.

ಹುಳು ಸಾಕುವ ಮನೆಯಲ್ಲಿ ಹುಳುವೇ ಯಜಮಾನ. ನಡುಮನೆಯ ಉದ್ದಕ್ಕೂ ಬಿದಿರಿನ ತಟ್ಟೆಗಳು ಅಟ್ಟಣಿಗೆಯ ಮೇಲೆ ಸಾಲಾಗಿ ಕುಳಿತುಬಿಟ್ಟರೆ ಮನುಷ್ಯರಿಗೆ ಉಳಿಯುತ್ತಿದ್ದದ್ದು ಅಡಿಗೆಮನೆಯ ಮೂಲೆ ಮಾತ್ರ. ಹುಳುಗಳಿಗೆ ಘಾಟು ಆಗದು ಅಂತ ಒಗ್ಗರಣೆ ಇಲ್ಲ. ಊದುಬತ್ತಿ ಇಲ್ಲ. ನನಗೆ ಪೌಡರೂ ಇಲ್ಲ. ಅಪ್ಪನ ತಾಯಿಯನ್ನು ನಾವು ಅವ್ವ ಅನ್ನುತ್ತಿದ್ದೆವು. ಆ ವಯಸ್ಸಿನಲ್ಲಿ ಅವಳು ತಟ್ಟೆಗಳ ನಡುವೆ ಬಗ್ಗಿ ನುಸುಳಿಕೊಂಡು ಹೋಗುವುದನ್ನು ನೋಡಿದ ಒಂದು ಸಂಜೆ ಅಮ್ಮ ಮುದ್ದೆ ಬಡಿಸುತ್ತಾ ಹೇಳಿದಳು:

"ಹುಳುಗೆ ಬೇರೆ ಮನೆ ಕಟ್ಟೋಣ. ನಮ್ಮಪ್ಪನ ಮನೆ ಮಾರ್ತೀನಿ."

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಏನೇ ಹಂಗಂದ್ರೆ? ನಿಮ್ಮಪ್ಪ ಕಟ್ಟಿದ ಮನೆ ಕಣೇ ಅದು. ಬೀದಿಪಾಲು ಮಾಡ್ತೀಯಾ?"

"ಬೀಗ ಹಾಕಿಟ್ರೆ ಗೆದ್ದಲಿನ ಪಾಲಾಗುತ್ತೆ. ಅದಕ್ಕಿಂತ ಇನ್ಯಾರಾದ್ರೂ ಇಟ್ಕೊಳ್ಳಲಿ."

ಅವ್ವ ಮಾತ್ರ ತೆಲುಗಿನಲ್ಲಿ, "ಪೋನೀರಾ, ಆಯಮ್ಮ ಇಲ್ಲು, ಆಯಮ್ಮ ಇಷ್ಟಂ" ಎಂದಳು. ಹೋಗಲಿ ಬಿಡೋ, ಅವಳ ಮನೆ, ಅವಳಿಷ್ಟ ಎಂದು. ನಮ್ಮ ಮನೆಯಲ್ಲಿ ಅವ್ವ ತೆಲುಗಿನಲ್ಲಿ ಹೇಳಿದ್ದು ಕೊನೆಯ ಮಾತು. ಅಪ್ಪ ಮತ್ತೆ ಮುದ್ದೆಗೆ ಕೈ ಹಾಕಿದ.

ಅಮ್ಮ ಮಾಲೂರಿಗೆ ಬಂದಿದ್ದು ಹೇಗೆಂದು ಇಲ್ಲಿ ಹೇಳಬೇಕು. ಅವಳ ಅಪ್ಪ ಕರಾವಳಿಯ ಒಂದು ಸಣ್ಣ ಊರಿನವನು, ಹೆಂಚಿನ ಕಾರ್ಖಾನೆಯ ಮೇಸ್ತ್ರಿ. ಮಾಲೂರಿನ ಮಣ್ಣು ಹೆಂಚಿಗೆ ಒಳ್ಳೆಯದೆಂದು ಇಲ್ಲೊಂದು ಕಾರ್ಖಾನೆ ಶುರುವಾದಾಗ, ಕೆಲಸ ಬಲ್ಲವರು ಬೇಕೆಂದು ಅವನನ್ನು ಕರೆಸಿಕೊಂಡರು. ಹೆಂಡತಿ ಮಗಳೊಂದಿಗೆ ಬಂದ. ಅಮ್ಮ ಹಸಿಹೆಂಚು ಒಣಹಾಕುವ ಚಪ್ಪರದಡಿಯಲ್ಲಿ ಆಡಿ ಬೆಳೆದಳು, ಇಲ್ಲಿಯ ಶಾಲೆಯಲ್ಲಿ ಓದಿದಳು, ಇಲ್ಲಿಯವನನ್ನೇ ಮದುವೆಯಾದಳು. ಅಜ್ಜ ಅಜ್ಜಿ ಕೆಲಸ ಮುಗಿದ ಮೇಲೆ ವಾಪಸು ಹೋಗಿ ತಮ್ಮ ಮನೆಯಲ್ಲೇ ಬಾಳಿ, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಒಬ್ಬಳೇ ಮಗಳಾದ್ದರಿಂದ ಮನೆ ಅಮ್ಮನಿಗೆ ಬಂತು. ಅಲ್ಲಿ ಬಾಡಿಗೆಗಿದ್ದ ಶಾಲೆಯ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅದು ಖಾಲಿ ಬಿದ್ದಿತ್ತು.

ಬೇಸಿಗೆ ರಜೆಯಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಹೊರಟಳು. ಟೊಮೇಟೊ ಕೀಳುವ ಕಾಲವಾದ್ದರಿಂದ ಅಪ್ಪ ಬರಲಿಲ್ಲ. ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಬಸ್ಸು. ಘಟ್ಟ ಇಳಿದದ್ದೇ ತಡ, ಅಮ್ಮನ ಮಾತು ಬದಲಾಗಿಬಿಟ್ಟಿತು. ಮಾಲೂರಿನಲ್ಲಿ "ಏನ್ಲಾ, ಎಲ್ಲೋಗಿದ್ದೆ" ಎಂದು ಕೂಲಿಯವರನ್ನು ಗದರಿಸುತ್ತಿದ್ದ ಅದೇ ಬಾಯಿ, ಬಸ್ ಸ್ಟ್ಯಾಂಡಿನಲ್ಲಿ "ಎಂತ ಮಾರಾಯ್ರೆ, ಬಸ್ಸು ಉಂಟಾ ಇಲ್ವಾ?" ಎಂದು ಕೇಳುತ್ತಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಬೀಗದ ಕೈ ಇದ್ದದ್ದು ಪಕ್ಕದ ಮನೆಯ ಬಾಯಮ್ಮನ ಹತ್ತಿರ. ಕ್ರೈಸ್ತರ ಮನೆಯ ಹೆಂಗಸು, ಅಮ್ಮ ಮಾಲೂರಿಗೆ ಬರುವ ಮೊದಲು ಅವಳ ಜೊತೆ ಆಡಿದ ಗೆಳತಿ. ಬೀಗ ತೆಗೆದಾಗ ಒಳಗಿನಿಂದ ತಣ್ಣನೆಯ ವಾಸನೆಯೊಂದು ಬಂತು. ಹಳೆಯ ಮರ, ಉಪ್ಪು, ಮಸಿ ಎಲ್ಲ ಬೆರೆತ ವಾಸನೆ. ಮುರಕಲ್ಲಿನ ಗೋಡೆ, ಮುಂದೆ ಜಗಲಿ, ಹಲಸಿನ ಮರದ ಕಂಬಗಳು, ಅಂಗೈಯಿಂದ ಉಜ್ಜಿದರೆ ಮುಖ ಕಾಣುವಂಥ ಕಪ್ಪು ನೆಲ. ಮಾಡು ಎಷ್ಟು ಇಳಿಜಾರಾಗಿತ್ತೆಂದರೆ ಅಂಗಳದಲ್ಲಿ ನಿಂತರೆ ಗೋಡೆಗಿಂತ ಹೆಂಚೇ ಹೆಚ್ಚು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ರಜೆಗೆಂದು ಬಂದಾಗ ನಾನು ಇದನ್ನೆಲ್ಲ ಗಮನಿಸಿರಲೇ ಇಲ್ಲ. ಈಗ, ಮಾರುವ ಹೊತ್ತಿಗೆ, ಆ ಮನೆ ನನಗೆ ಬಹಳ ಹಿಡಿಸಿಬಿಟ್ಟಿತು. ಜಗಲಿಯ ಮೇಲೆ ಕಾಲು ಚಾಚಿ ಕೂತರೆ ತೆಂಗಿನ ಮರಗಳ ನಡುವೆ ಕಡಲಿನ ಒಂದು ತುಂಡು ಕಾಣುತ್ತಿತ್ತು.

ನೋಡಲು ಜನ ಬಂದರು. ಮೊದಲು ಬಂದವರು ಮುಂಬಯಿಯಲ್ಲಿ ನೌಕರಿ ಮುಗಿಸಿ ಹಿಂದಿರುಗಿದ ಒಬ್ಬ ಹಿರಿಯರು. ಕೊಡೆಯ ತುದಿಯಿಂದ ಕಂಬಗಳನ್ನು ತಟ್ಟಿ ನೋಡಿದರು. ಬಚ್ಚಲುಮನೆ ಹೊರಗಿದೆಯೆಂದು ಮುಖ ಸಿಂಡರಿಸಿದರು. "ನನಗೆ ತಾರಸಿ ಮನೆ ಬೇಕಿತ್ತು" ಎಂದರು. "ಹಾಗಾದ್ರೆ ಹೆಂಚಿನ ಮನೆ ನೋಡ್ಲಿಕ್ಕೆ ಬಂದದ್ದು ಯಾಕೆ ಸ್ವಾಮಿ? ಬಿಸಿಲಿನಲ್ಲಿ ಸುಮ್ಮನೆ ನಡೆದ್ರಿ" ಎಂದು ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಆಮೇಲೆ ಬಂದ ಗಂಡ ಹೆಂಡತಿಗೆ ಮನೆ ಇಷ್ಟವಾಯಿತು. ಆದರೆ ಹೆಂಡತಿಗೆ ಇಷ್ಟವಾದ ಕೋಣೆ ಗಂಡನಿಗೆ ಆಗಲಿಲ್ಲ. ಅಂಗಳದಲ್ಲೇ ಜಗಳವಾಡಿಕೊಂಡು ಹೊರಟುಹೋದರು.

ಕೊನೆಗೆ ಬಂದವನು ಮಂಜುಗಡ್ಡೆ ಕಾರ್ಖಾನೆ ಹಾಕಬೇಕೆಂದಿದ್ದ ಒಬ್ಬ ಯುವಕ. ಆ ವರ್ಷಗಳಲ್ಲಿ ಯಂತ್ರದ ದೋಣಿಗಳು ಹೆಚ್ಚಾಗಿ, ಹಿಡಿದ ಮೀನನ್ನು ಇಡುವುದಕ್ಕೆ ಐಸ್ ಸಾಲುತ್ತಿರಲಿಲ್ಲವಂತೆ. ಮೀನು ಇಳಿಸುವ ದಕ್ಕೆ ನಮ್ಮ ಮನೆಯಿಂದ ಕೂಗಳತೆಯ ದೂರ. ಅವನು ಒಳಗೆ ಬರಲೇ ಇಲ್ಲ. ಅಂಗಳದ ಅಂಚಿನಲ್ಲೇ ಸುತ್ತು ಹಾಕಿ, ಬಾವಿಗೆ ಬಗ್ಗಿ ನೋಡಿ, ಅಮ್ಮ ಹೇಳಿದ ಬೆಲೆಗೆ ಒಪ್ಪಿಕೊಂಡುಬಿಟ್ಟ.

"ಮನೆ ಒಳಗೆ ನೋಡುದಿಲ್ವಾ?" ಅಮ್ಮ ಕೇಳಿದಳು.

"ಮನೆ ನನಗೆ ಬೇಡಮ್ಮ. ಜಾಗ ಮಾತ್ರ ಸಾಕು. ಮನೆ ಕೆಡವ್ಲಿಕ್ಕೆ ನಾನೇ ಜನ ಹಾಕ್ತೇನೆ. ನಿಮಗೆ ತಲೆಬಿಸಿ ಬೇಡ."

ಅಮ್ಮ ಜಗಲಿ ಹತ್ತಿ ಒಳಗೆ ಹೋದಳು. ಹೊರಗೆ ಆ ಯುವಕ, ನಾನು ಇಬ್ಬರೇ ಉಳಿದೆವು. ಅವನು ಮುಜುಗರದಿಂದ ವಾಚು ನೋಡಿಕೊಂಡ. ಒಳಗೆ ಅಮ್ಮ ಕೋಣೆಯಿಂದ ಕೋಣೆಗೆ ನಡೆಯುವುದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವಳ ತಲೆಕೂದಲಲ್ಲಿ ಜೇಡರಬಲೆ ಸಿಕ್ಕಿಕೊಂಡಿತ್ತು. ಅಟ್ಟ ಹತ್ತಿ ತೊಲೆಗಳನ್ನು ಮುಟ್ಟಿ ನೋಡಿ ಬಂದಿದ್ದಳು.

"ಮನೆ ನಿಮಗೆ ಬೇಡ ಅಲ್ವಾ? ಹಾಗಾದ್ರೆ ಅದು ನನ್ನದೇ ಆಯ್ತು. ಮಳೆಗಾಲ ಹಿಡಿಯುವ ಮೊದಲು ನಾನದನ್ನ ತಗೊಂಡು ಹೋಗ್ತೇನೆ. ಜಾಗ ನಿಮಗೆ."

"ತಗೊಂಡು ಹೋಗ್ತೀರಾ? ಮನೆಯನ್ನಾ?"

"ಮನೆಯನ್ನೇ."

ಅವನು ನಕ್ಕ. ಅಮ್ಮ ನಗದೇ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ. "ಆಯ್ತಮ್ಮ" ಎಂದ. ಹೊರಡುವಾಗ ಗೇಟಿನ ಹತ್ತಿರ ನಿಂತು, ಮೊದಲ ಸಲ ಮನೆಯನ್ನು ಸರಿಯಾಗಿ ನೋಡಿದ.

ಅಮ್ಮ ಅಪ್ಪನಿಗೆ ಟೆಲಿಗ್ರಾಂ ಕೊಟ್ಟಳು: ಬಡಗಿಯನ್ನು ಕರೆದುಕೊಂಡು ಕೂಡಲೇ ಬನ್ನಿ. ನಮ್ಮ ಬಡಗಿಯೆಂದರೆ ಪಕ್ಕದ ಬೀದಿಯ ಸಾಬರು. ಅವರ ಮನೆಯವರು ತಲೆತಲಾಂತರದಿಂದ ಮಾಲೂರಿನಲ್ಲಿ ಮರಗೆಲಸ ಮಾಡಿಕೊಂಡಿದ್ದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಟೆಲಿಗ್ರಾಂ ಎಂದರೆ ಯಾರಿಗೋ ಏನೋ ಆಗಿದೆಯೆಂದೇ ಗಾಬರಿಯಾಗಿ ಇಬ್ಬರೂ ಸಿಕ್ಕ ಬಸ್ಸು ಹತ್ತಿ ಬಂದರು. ವಿಷಯ ತಿಳಿದಾಗ ಅಪ್ಪ ಜಗಲಿಯ ಮೇಲೆ ಧೊಪ್ಪನೆ ಕೂತ.

"ಮನೆ ಮಾರಕ್ಕೆ ಅಂತ ಬಂದೋಳು ಮನೆ ಹೊತ್ಕೊಂಡ್ ಬರ್ತೀನಿ ಅಂತೀಯಲ್ಲೇ! ಮಾಲೂರಲ್ಲಿ ಇಟ್ಟಿಗೆಗೆ ಬರವಾ, ಹೆಂಚಿಗೆ ಬರವಾ? ಯಾವ ಕಡೆ ತಿರುಗಿದ್ರೂ ಇಟ್ಟಿಗೆ ಗೂಡೇ ಅಲ್ವೇನೇ!"

"ಇಟ್ಟಿಗೆ ನಿಮ್ಮೂರಿಂದೇ ಇರ್ಲಿ. ಗೋಡೆ ನಿಮ್ದು, ಮಾಡು ನಂದು. ಇಂಥಾ ಹಲಸಿನ ತೊಲೆ ನಿಮ್ಮ ಮಾಲೂರಲ್ಲಿ ಎಲ್ಲಿದೆ ತೋರಿಸಿ, ಈಗಲೇ ಬಿಟ್ಟು ಬರ್ತೀನಿ."

ಅಪ್ಪ ಚಾಚಾನ ಮುಖ ನೋಡಿದ. ಚಾಚಾ ಆಗಲೇ ಕಂಬವೊಂದನ್ನು ಉಗುರಿನಿಂದ ಗೀರಿ ನೋಡುತ್ತಿದ್ದರು. "ಅಣ್ಣಾ, ಮಾಲು ಪಸಂದಾಗಿದೆ. ಇದನ್ನ ಬಿಟ್ಟೋದ್ರೆ ನಂಗೆ ನಿದ್ದೆ ಬರಕಿಲ್ಲ" ಎಂದರು. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ.

ಹುಳು, ತೋಟ ಬಿಟ್ಟು ಅಪ್ಪ ಈ ಊರಿಗೆ ಬಂದದ್ದೇ ಇರಲಿಲ್ಲ; ಅವರಿಬ್ಬರೂ ಅದುವರೆಗೆ ಕಡಲು ನೋಡಿದವರಲ್ಲ. ಸಂಜೆ ನಾನೇ ಕರೆದುಕೊಂಡು ಹೋದೆ. ಅಪ್ಪ ಪಂಚೆ ಎತ್ತಿ ಕಟ್ಟಿ ಬಹಳ ಹೊತ್ತು ನಿಂತ. "ಇಷ್ಟೊಂದು ನೀರು! ನಮ್ಮ ಬಾವಿಗೆ ಒಂದಾಳುದ್ದ ಬಂದ್ರೆ ಸಾಕಿತ್ತು" ಎಂದ. ಚಾಚಾ ಒಂದು ಬೊಗಸೆ ಬಾಯಿಗೆ ಹಾಕಿ ಥೂ ಎಂದು ಉಗಿದು, "ಬ್ಯಾಡ ಅಣ್ಣಾ, ಇದನ್ನ ಇಲ್ಲೇ ಬಿಟ್ಬಿಡಿ" ಎಂದರು. ಅಪ್ಪ ಜೋರಾಗಿ ನಕ್ಕ. ಆ ಊರಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮಾರನೆಯ ದಿನ ಹೆಂಚು ಇಳಿಸುವ ಕೆಲಸ ಶುರುವಾಯಿತು. ಚಾಚಾ ಮತ್ತು ಅಲ್ಲಿಯ ಕೂಲಿಯವರು ಮೇಲೆ, ಅಪ್ಪ ಏಣಿಯ ನಡುವೆ, ನಾನು ಕೆಳಗೆ. ಅಮ್ಮ ಅಂಗಳದಲ್ಲಿ ಕೂತು ಒಂದೊಂದು ಹೆಂಚನ್ನೂ ಬೆರಳಿನಿಂದ ತಟ್ಟಿ, ಗಣ್ ಎಂದರೆ ಬಲಕ್ಕೆ, ಮಂಕಾಗಿ ಸದ್ದು ಮಾಡಿದರೆ ಎಡಕ್ಕೆ ಇಡುತ್ತಿದ್ದಳು. ಅಡಿಗೆಮನೆಯ ಮೇಲಿನ ಸಾಲು ಹೋಗಿ, ಒಲೆಯ ಮೇಲೆ ನೇರ ಬಿಸಿಲು ಬಿದ್ದದ್ದನ್ನು ನೋಡಿದಾಗ ನನಗೆ ತಡೆಯಲಾಗಲಿಲ್ಲ. ಆ ಒಲೆಯ ಮೇಲೆ ಎಂದೂ ಬಿಸಿಲು ಬಿದ್ದಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಅಳುತ್ತಾ ಕೂತೆ. ಅಮ್ಮ ಹುಡುಕಿಕೊಂಡು ಬಂದಳು.

"ಯಾಕೆ?"

"ಇದು ಮನೆಯಾಗೇ ಇರಬೇಕಿತ್ತು. ಯಾರಾದ್ರೂ ಬಂದು ಇದರಲ್ಲಿ ಇರಬೇಕಿತ್ತು."

"ನಾವೇ ಇರ್ತೀವಲ್ಲೇ. ಜಾಗ ಬೇರೆ, ಅಷ್ಟೇ. ಅಳೋದಾದ್ರೆ ಅಳು, ಬೇಡ ಅನ್ನಲ್ಲ. ಹೆಂಚು ಕೈದಾಟಿಸ್ತಾ ಅಳು, ಅಲ್ಲಿ ನಿಮ್ಮಪ್ಪ ಕಾಯ್ತಾ ನಿಂತಿದ್ದಾರೆ."

ಎದ್ದು ಹೋದೆ. ಕೈಗೆ ಕೆಲಸ ಹತ್ತಿದ ಮೇಲೆ ಅಳು ತಾನಾಗಿ ನಿಂತಿತು.

ತೊಲೆ, ಹೆಂಚಿನಡಿಯ ಪಕ್ಕಾಸುಗಳನ್ನು ಬಿಚ್ಚುವಾಗ ಯಾವುದು ಎಲ್ಲಿಯದೆಂದು ತಿಳಿಯಲು ಚಾಚಾ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಅರ್ಧ ಕೆಲಸವಾಗಿತ್ತು, ಒಂದು ಮಧ್ಯಾಹ್ನ ಕಡಲ ಕಡೆಯಿಂದ ಮೋಡವೊಂದು ಬಂದು ಸುರಿದುಬಿಟ್ಟಿತು. ನಾವು ತೆಂಗಿನ ಗರಿ ಹುಡುಕಿ ಮುಚ್ಚುವಷ್ಟರಲ್ಲಿ ಗುರುತೆಲ್ಲ ತೊಳೆದುಹೋಗಿತ್ತು. ಚಾಚಾ ತಲೆಯ ಮೇಲೆ ಕೈ ಹೊತ್ತು ಕೂತರು. "ಯಾ ಅಲ್ಲಾ, ಎಲ್ಲಾ ಒಂದೇ ಥರಾ ಕಾಣ್ತದಲ್ಲಮ್ಮಾ!" ಅಪ್ಪನಿಗೆ ಇದೇ ಸಮಯ: "ನಾನು ಹೇಳ್ಲಿಲ್ವಾ?" ಅಮ್ಮ ಸೆರಗು ಹಿಂಡಿಕೊಂಡು, "ಬಿಚ್ಚಿದೋರು ನೀವು, ಜೋಡಿಸೋರೂ ನೀವೇ. ಒಂದು ಹೊಂದದಿದ್ರೆ ಇನ್ನೊಂದು ಹೊಂದುತ್ತೆ. ಇನ್ನು ಮೇಲೆ ಉಳಿಯಲ್ಲಿ ಗುರುತು ಹಾಕಿ" ಎಂದಳು. ಉಳಿದರ್ಧಕ್ಕೆ ಹಾಗೇ ಮಾಡಿದರು.

ಲಾರಿ ಬರುವ ದಿನ ಬೆಳಿಗ್ಗೆ ಅಲ್ಲಿದ್ದದ್ದು ಗೋಡೆಗಳು, ಕಪ್ಪು ನೆಲ, ಮೇಲೆ ಆಕಾಶ. ಬಾಯಮ್ಮ ಬಂಗುಡೆ ಸಾರು, ಕೆಂಪಕ್ಕಿ ಅನ್ನ ತಂದುಕೊಟ್ಟರು. ಅಮ್ಮ ನಡುಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಪೂರ್ತಿ ಊಟ ಮಾಡಿದಳು. ಬಾಯಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. "ನಿನಗೆ ಎಂತ ಅನಿಸುದಿಲ್ವಾ ಮಾರಾಯ್ತಿ?" ಅಮ್ಮ ತಟ್ಟೆ ಪಕ್ಕಕ್ಕಿಟ್ಟಳು. "ಅನಿಸ್ತದೆ. ನಿನ್ನನ್ನ ಲಾರಿಗೆ ಹಾಕ್ಲಿಕ್ಕೆ ಆಗುದಿಲ್ಲ ಅಂತ ಅನಿಸ್ತದೆ." ಆಗ ಇಬ್ಬರೂ ಅತ್ತರು, ಇಬ್ಬರೂ ನಕ್ಕರು.

ಅಪ್ಪ, ಚಾಚಾ ಲಾರಿಯ ಹಿಂದೆ ಮರದ ಮೇಲೆ. ಅಮ್ಮ, ನಾನು ಮುಂದೆ ಡ್ರೈವರಿನ ಪಕ್ಕ. ಘಟ್ಟ ಹತ್ತಿದ ಮೇಲೆ ಗೇಟಿನಲ್ಲಿ ಮರ ತಪಾಸಣೆ ಮಾಡುವ ಗಾರ್ಡು ತಡೆದ. ಅಮ್ಮ ಊರಿನ ಶಾನುಭೋಗರಿಂದ ಬರೆಸಿಕೊಂಡ ಕಾಗದ ತೋರಿಸಿದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನಮ್ಮ ಲೋಡು?"

"ಮನೆ."

"ಮನೆಗೆ ಬೇಕಾದ ಮರ ಅನ್ನಿ. ಹೊಸಾ ಮರ ಅಲ್ಲ ಅಂತ ಹೇಗೆ ನಂಬೋದು?"

ಅಮ್ಮ ಲಾರಿಯಿಂದ ಇಳಿದಳು. ಅವನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಮಸಿ ಹಿಡಿದು ಮಿರಮಿರ ಹೊಳೆಯುತ್ತಿದ್ದ ತೊಲೆಯೊಂದನ್ನು ತೋರಿಸಿದಳು. "ಇದು ನಮ್ಮ ಅಡಿಗೆಮನೆದು. ಹತ್ತಿರ ಬಂದು ಮೂಸಿ ನೋಡಿ. ನಮ್ಮಮ್ಮ ವರ್ಷಗಟ್ಟಲೆ ಇದರ ಕೆಳಗೆ ಮೀನು ಸಾರು ಕುದಿಸಿದ್ದಾಳೆ. ಕಾಡಿನ ಮರಕ್ಕೆ ಈ ವಾಸನೆ ಬರುತ್ತಾ?"

ಗಾರ್ಡು ನಿಜವಾಗಿ ಮೂಸಿದ. ಮುಖ ಹಿಂಡಿದ. ಗೇಟು ತೆಗೆದ.

ಮಾಲೂರಿನಲ್ಲಿ ಮನೆ ಏಳುವಾಗ ದಿನವೂ ನೋಡಲು ಜನ. ಅಪ್ಪ ಇಟ್ಟಿಗೆ ಗೂಡಿನಿಂದ ತಾನೇ ನಿಂತು ಆರಿಸಿದ ಇಟ್ಟಿಗೆ ತರಿಸಿ ಗೋಡೆ ಎತ್ತಿಸಿದ. ಅಷ್ಟರಲ್ಲಾಗಲೇ ಅವನು ಅದನ್ನು "ನಮ್ಮ ಮನೆ" ಅನ್ನಲು ಶುರುಮಾಡಿದ್ದ. ಚಾಚಾ ಕಳೆದುಹೋದ ಗುರುತುಗಳ ದೆಸೆಯಿಂದ ತೊಲೆಗಳನ್ನು ಹತ್ತಿಸಿ ಇಳಿಸಿ ಬೆವರು ಸುರಿಸಿದರು. ಕೆಲವು ಹೊಂದಲೇ ಇಲ್ಲ. ಹಾಗಾಗಿ ಒಂದು ಕೋಣೆ ಮೊದಲಿದ್ದದ್ದಕ್ಕಿಂತ ಗಿಡ್ಡವಾಯಿತು, ಜಗಲಿ ಉದ್ದವಾಯಿತು. ರೈಲಿಗೆ ಹೋಗುವವರು ನಿಂತು, "ಇದೇನಮ್ಮಾ, ಇಸ್ಕೂಲಾ? ಇಷ್ಟು ಇಳಿಜಾರು ಯಾಕೆ?" ಎಂದು ಕೇಳುವರು. ಅವ್ವ ಹೊರಗೆ ಕಲ್ಲಿನ ಮೇಲೆ ಕೂತು, "ನಮ್ಮ ಸೊಸೆ ತವರುಮನೆಯಿಂದ ಏನೂ ತರಲಿಲ್ಲ ಅಂತಿದ್ರಲ್ಲ, ಈಗ ನೋಡ್ಕೊಳ್ಳಿ. ತವರುಮನೇನೇ ತಂದವ್ಳೆ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಹೊಸ ಮನೆಗೆ ಮೊದಲು ಹುಳುಗಳೇ ಹೋದವು. ಚಳಿಗಾಲದ ಬೆಳೆ ಚೆನ್ನಾಗಿ ಬಂತು. ಬೇಸಿಗೆಯದು ಕೆಟ್ಟಿತು. ಬಿಸಿಲೇರುತ್ತಿದ್ದಂತೆ ಹೆಂಚು ಕಾದು, ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನೆ ಬಿದ್ದುಕೊಂಡವು. ಒದ್ದೆ ಗೋಣಿ ಕಟ್ಟಿದೆವು, ನೆಲಕ್ಕೆ ನೀರು ಹೊಡೆದೆವು. ಅರ್ಧಕ್ಕರ್ಧ ಸತ್ತವು. ಕಡಲ ಗಾಳಿ ಬೀಸುವಲ್ಲಿ ತಂಪಾಗಿದ್ದ ಮಾಡು ನಮ್ಮ ಒಣಬಿಸಿಲಿಗೆ ಬೇರೆಯೇ ಆಗಿತ್ತು. ಅಮ್ಮ ಸತ್ತ ಹುಳುಗಳ ತಟ್ಟೆಗಳನ್ನು ತಾನೇ ಹೊರಗೆ ಹೊತ್ತು ತಂದು ಗುಂಡಿಗೆ ಸುರಿದಳು. "ನಾನು ಹೇಳ್ಲಿಲ್ವಾ" ಎನ್ನಲು ಅಪ್ಪನಿಗೆ ಒಳ್ಳೆಯ ಅವಕಾಶವಿತ್ತು, ಆದರೆ ಅವನು ಅನ್ನಲಿಲ್ಲ. ಅವಳ ಪಕ್ಕ ನಿಂತು ಗುಂಡಿಗೆ ಮಣ್ಣು ಎಳೆದ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮ ಹೇಳಿದಳು: "ಹುಳುಗೆ ಮಣ್ಣಿನ ಮಾಳಿಗೇನೇ ಸರಿ. ಹಳೇ ಮನೆ ಪೂರ್ತಿ ಅವಕ್ಕೇ ಬಿಟ್ಬಿಡೋಣ. ಹೊಸದಕ್ಕೆ ನಾವು ಹೋಗೋಣ."

ಅಪ್ಪ ಕೇಳಿದ: "ನಮಗೆ ಸೆಕೆ ಆಗಲ್ವಾ?"

"ಆದ್ರೆ ಜಗಲಿಗೆ ಎದ್ದು ಹೋಗ್ತೀವಿ. ಹುಳುಗೆ ಹಂಗೆ ಎದ್ದೋಗಕ್ಕೆ ಬರಲ್ಲ."

ಹೀಗೆ ಹುಳುಗಳಿಗೆಂದು ಕಟ್ಟಿದ ಮನೆಗೆ ನಾವು ಹೋದೆವು. ಆ ಗಿಡ್ಡ ಕೋಣೆ ನನಗೆ ಸಿಕ್ಕಿತು, ಕಿಟಕಿ ಸಮೇತ. ಅವ್ವ ಬೆನ್ನು ನೆಟ್ಟಗೆ ಮಾಡಿ ಮನೆತುಂಬ ನಡೆದಾಡಿದಳು. ಒಗ್ಗರಣೆಯ ಚಟಪಟ ನಮ್ಮ ಮನೆಗೆ ಮರಳಿ ಬಂತು. ಮಾಳಿಗೆ ಮನೆಯಲ್ಲಿ ಈಗ ಮನುಷ್ಯರ ಓಡಾಟವಿಲ್ಲದೆ, ಅಟ್ಟಣಿಗೆಗಳಿಗೆ ಜಾಗ ಹೆಚ್ಚಿ, ರೇಷ್ಮೆಗೂಡು ಮೊದಲಿಗಿಂತ ಚೆನ್ನಾಗಿ ಬರತೊಡಗಿತು. ಆ ಕೋಣೆಯಲ್ಲಿ ಕೂತೇ ನಾನು ಡಿಗ್ರಿ ಮುಗಿಸಿದೆ. ಆಮೇಲೆ ಮುಳಬಾಗಿಲಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಮನೆಗೆ ಬರುವಾಗ, ದೂರದಿಂದಲೇ ಮಾಳಿಗೆಗಳ ನಡುವೆ ಎದ್ದು ನಿಂತ ಕೆಂಪು ಮಾಡು ಕಾಣುತ್ತಿತ್ತು.

ಎಂಬತ್ತರ ದಶಕದ ನಡುವಿನ ಒಂದು ರಜೆಯಲ್ಲಿ ಅಪ್ಪ ಇದ್ದಕ್ಕಿದ್ದಂತೆ, "ಇನ್ನೊಂದು ಸಲ ಆ ನೀರು ನೋಡ್ಬೇಕು ಕಣೇ" ಎಂದ. ಮೂವರೂ ಹೋದೆವು. ನಮ್ಮ ಜಾಗದಲ್ಲಿ ಮಂಜುಗಡ್ಡೆ ಕಾರ್ಖಾನೆ ಭರ್ರೆಂದು ಸದ್ದು ಮಾಡುತ್ತಿತ್ತು. ಹುಡುಗರು ಐಸಿನ ದಿಮ್ಮಿಗಳನ್ನು ಕೊಕ್ಕೆ ಹಾಕಿ ಎಳೆಯುತ್ತಿದ್ದರು. ನಾನು ಅಮ್ಮನ ಮುಖ ನೋಡಿದೆ. ಅವಳು ನೇರವಾಗಿ ಒಳಗೆ ಹೋಗಿ ಯಜಮಾನನನ್ನು ಮಾತಾಡಿಸಿದಳು. ಅವನಿಗೀಗ ಹೊಟ್ಟೆ ಬಂದಿತ್ತು. ಎದ್ದು ನಿಂತು ಕುರ್ಚಿ ಕೊಟ್ಟ. ಬಾವಿಯ ನೀರು ಈಗಲೂ ಸಿಹಿಯಾಗಿದೆಯಾ, ಬೇಸಿಗೆಯಲ್ಲಿ ಬತ್ತುತ್ತದೆಯಾ ಎಂದು ಅವಳು ವಿಚಾರಿಸಿದಳು. ಸಿಹಿಯಾಗಿಯೇ ಇದೆ, ಬತ್ತಿಲ್ಲ ಎಂದ. ತರಿಸಿ ಕುಡಿದು ನೋಡಿ, "ಹೌದು" ಎಂದಳು.

ಆಮೇಲೆ ಬಾಯಮ್ಮನ ಮನೆಗೆ ಹೋದೆವು. ಅಪ್ಪ ಮಾತ್ರ ನೀರಿಗಿಳಿದು, ಮೊಣಕಾಲು ಮಟ್ಟ ನಿಂತು, ಅಲೆ ಬಂದಾಗಲೆಲ್ಲ ಹಿಂದಕ್ಕೆ ಜಿಗಿಯುತ್ತಿದ್ದ. ಅಮ್ಮ ಮತ್ತು ಬಾಯಮ್ಮ ಅಡಿಗೆಮನೆಯಲ್ಲಿ ತುಳುವಿನಲ್ಲಿ ಏನೋ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. ಹೊತ್ತು ಇಳಿಯುವ ಮುಂಚೆ ಅಮ್ಮ ಹೊರಗೆ ಬಂದು, "ಸಾಕು ಹತ್ತಿ ಬನ್ನಿ, ಬಸ್ಸು ಹೋಗಿಬಿಡುತ್ತೆ. ನಾಳೆ ಸೊಪ್ಪು ಕುಯ್ಯೋರು ಯಾರು?" ಎಂದು ಅಪ್ಪನನ್ನು ಕೂಗಿದಳು. ಒದ್ದೆ ಪಂಚೆಯಲ್ಲೇ ಅವನು ಬಸ್ ಸ್ಟ್ಯಾಂಡಿನವರೆಗೂ ನಡೆದ.